ಯಾರ ಪಾಲಿನ ಎಣ್ಣೆ?

ಅಭಾವದ ಕಾಲದಲ್ಲಿಯೇ ಮನುಷ್ಯನ ನಿಜವಾದ ಲೆಕ್ಕ ಹೊರಬೀಳುತ್ತದೆ ಎಂದು ಹಿರಿಯ ವರ್ತಕರು ಹೇಳುವುದುಂಟು. ಸುಭಿಕ್ಷ ಕಾಲದಲ್ಲಿ ದಾನ ಮಾಡುವುದು, ನ್ಯಾಯದ ದರಕ್ಕೆ ಮಾರುವುದು, ನಂಬಿಗಸ್ಥರಿಗೆ ಉದ್ರಿ ಕೊಡುವುದು ಇವು ಕಷ್ಟದ ಕೆಲಸಗಳಲ್ಲ. ಇರುವ ವಸ್ತು ಕಡಿಮೆಯಾಗಿ ಕೇಳುವ ಕೈಗಳು ಹೆಚ್ಚಾದಾಗ, ಯಾರಿಗೆ ಕೊಡಬೇಕು, ಯಾರಿಗೆ ಇಲ್ಲವೆನ್ನಬೇಕು ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಶಹಾಪುರದ ಒಂದು ಜೈನ ಮನೆಯಲ್ಲಿ, ಒಂದು ಡಬ್ಬಿ ಸೀಮೆಎಣ್ಣೆಯ ನಿಮಿತ್ತ ಇಂಥದೊಂದು ಪ್ರಶ್ನೆ ಎದ್ದಿತು. ಎಣ್ಣೆಯನ್ನು ಕೇಳಿದವರು ಊರಿಗೆ ಬಂದಿಳಿದಿದ್ದ ಒಂದು ಸಂಚಾರಿ ನಾಟಕ ಕಂಪನಿಯವರು. ಆ ಮನೆಯ ಹಿರಿಯ ಮಗನಿಗೆ ಆಗ ಹನ್ನೊಂದು ವರ್ಷ. ಅವರು ಮುಂದೆ ಯಾದಗಿರಿಯಲ್ಲಿ ಅಡತಿ ಅಂಗಡಿ ನಡೆಸಿ, ಮೊಮ್ಮಕ್ಕಳನ್ನು ಕಂಡು, ಮುಪ್ಪಿನಲ್ಲಿಯೂ ಆ ಪ್ರಸಂಗವನ್ನು ಮರೆಯದೆ ಹೇಳುತ್ತಿದ್ದರು. ತಂದೆ ಮಾಡಿದ್ದು ಸರಿಯೋ, ತಾಯಿ ಹೇಳಿದ್ದು ಸರಿಯೋ ಎಂಬುದು ಅವರಿಗೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಕನ್ನಡ ಶಾಲೆಗಳು ವಿರಳ. ಕನ್ನಡ ಪತ್ರಿಕೆ, ಪುಸ್ತಕಗಳು ಮತ್ತೂ ವಿರಳ. ಇಂಥ ಸೀಮೆಯಲ್ಲಿ ಸಾಮಾನ್ಯ ಜನರು ಕಥೆ, ಪದ, ಮಾತಿನ ಸೊಗಸನ್ನು ಸವಿಯುತ್ತಿದ್ದುದು ಭಜನೆಗಳಲ್ಲಿ, ಬಯಲಾಟಗಳಲ್ಲಿ, ಹಾಗೂ ಎಂದಾದರೊಮ್ಮೆ ಗದಗು, ಹುಬ್ಬಳ್ಳಿ, ವಿಜಾಪುರದ ಕಡೆಯಿಂದ ಬರುತ್ತಿದ್ದ ನಾಟಕ ಕಂಪನಿಗಳ ಆಟಗಳಲ್ಲಿ. ಕಂಪನಿ ಬಂದಿತೆಂದರೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಓದು ಬಾರದ ರೈತನೂ ನಾಟಕದ ಪದಗಳನ್ನು ಕಲಿತು ಹೊಲದಲ್ಲಿ ಹಾಡುತ್ತಿದ್ದನು.

ಈ ಕಂಪನಿಗಳ ಹಿಂದೆ ದೊಡ್ಡ ಪರಂಪರೆಯಿತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿ ಶಾಕುಂತಲವನ್ನು ಆಡಿಸಿದ ಮೇಲೆ, ಮಾತಿನಷ್ಟೇ ಹಾಡಿಗೂ ಪ್ರಾಧಾನ್ಯವಿರುವ ಸಂಗೀತ ನಾಟಕಗಳು ಈ ಭಾಗದಲ್ಲೆಲ್ಲ ಜನಪ್ರಿಯವಾದವು. ಪಾಶ್ಚಾತ್ಯರು ಆಪೆರಾ ಎಂದು ಕರೆಯುವುದಕ್ಕೆ ಇದು ಹತ್ತಿರದ ಬಂಧು. ಕೇಶವರಾವ್ ಭೋಸಲೆಯವರ ಪ್ರಖ್ಯಾತ ಲಲಿತಕಲಾದರ್ಶ ಮಂಡಳಿ 1908ರಲ್ಲಿ ಜನ್ಮ ತಾಳಿದ್ದು ಹುಬ್ಬಳ್ಳಿಯಲ್ಲಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲನಟನಾಗಿ ಹಾಡಿದ ಹುಡುಗನೇ ಮುಂದೆ ಮಲ್ಲಿಕಾರ್ಜುನ ಮನಸೂರರೆಂದು ದೇಶಕ್ಕೆ ಪರಿಚಿತನಾದನು. ಅತ್ತ ಮೈಸೂರು ಸೀಮೆಯಲ್ಲಿ 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ, ವೀರಣ್ಣನವರ ಯಜಮಾನಿಕೆಯಲ್ಲಿ, 1934ರಲ್ಲಿ ಕುರುಕ್ಷೇತ್ರ ನಾಟಕಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಯುದ್ಧಕ್ಕೆ ಐದು ವರ್ಷ ಮೊದಲು ಕನ್ನಡ ರಂಗಭೂಮಿಯ ವೈಭವ ಆ ಎತ್ತರದಲ್ಲಿತ್ತು.

ಶಹಾಪುರಕ್ಕೆ ಬಂದ ಕಂಪನಿ ಅಷ್ಟು ದೊಡ್ಡದಲ್ಲ. ಮಾಲಕರು, ನಟರು, ಸ್ತ್ರೀಪಾತ್ರ ಮಾಡುವ ಹುಡುಗರು, ಪೇಟಿ ತಬಲಾದವರು, ಪರದೆ ಎಳೆಯುವವರು, ಅಡಿಗೆಯವರು, ಇವರ ಹೆಂಡಿರು ಮಕ್ಕಳು, ಎಲ್ಲ ಸೇರಿ ನಲವತ್ತರಷ್ಟು ಜನ. ಆದರೆ ಗದಗಿನ ಕಡೆಯಿಂದ ಶಹಾಪುರದವರೆಗೆ ಬರುವುದೇ ಒಂದು ಸಾಹಸವಾಗಿತ್ತು. ಗದಗಿನಿಂದ ವಿಜಾಪುರದ ಮೇಲೆ ಹೋಟಗಿಗೆ ಬರುವ ರೈಲು ಸಣ್ಣ ಹಳಿಯದು. ಮುಂದೆ ಗುಲಬರ್ಗಾ, ವಾಡಿ, ಯಾದಗಿರಿಗೆ ಹೋಗುವುದು ದೊಡ್ಡ ಹಳಿಯದು. ಆದುದರಿಂದ ಹೋಟಗಿಯಲ್ಲಿ ಪರದೆ, ಪೆಟ್ಟಿಗೆ, ಕಂಬ, ತಗಡುಗಳನ್ನೆಲ್ಲ ಇಳಿಸಿ ಮತ್ತೊಂದು ಡಬ್ಬಿಗೆ ಏರಿಸಬೇಕು. ಸಂಸ್ಥಾನದ ಗಡಿಯಲ್ಲಿ ಕರೋಡಗಿರಿಯವರು ಸಾಮಾನು ತಪಾಸಿಸುವರು. ಯಾದಗಿರಿಯಲ್ಲಿ ಇಳಿದ ಮೇಲೆ ಭೀಮೆಯನ್ನು ದಾಟಿ ಶಹಾಪುರಕ್ಕೂ, ಅಲ್ಲಿಂದ ಮುಂದೆ ಸುರಪುರಕ್ಕೂ ಎತ್ತಿನ ಬಂಡಿಗಳೇ ಗತಿ. ಇದರ ಮೇಲೆ ನಾಣ್ಯದ ತೊಡಕು ಬೇರೆ. ಸಂಸ್ಥಾನದ ಹಾಲಿ ಸಿಕ್ಕಾಕ್ಕೂ ಬ್ರಿಟಿಷರ ಕಲ್ದಾರ್ ರೂಪಾಯಿಗೂ ಬೆಲೆಯಲ್ಲಿ ವ್ಯತ್ಯಾಸ. ನೂರು ಕಲ್ದಾರಿಗೆ ಸುಮಾರು 116 ಹಾಲಿ ರೂಪಾಯಿ. ಟಿಕೀಟಿನ ಹಣ ಬರುವುದು ಹಾಲಿಯಲ್ಲಿ, ಗದಗು ಹುಬ್ಬಳ್ಳಿಯ ಸಾಲ ತೀರಿಸಬೇಕಾದುದು ಕಲ್ದಾರಿನಲ್ಲಿ. ಈ ವಟ್ಟದ ಲೆಕ್ಕ ಅರಿಯದ ಮಾಲಕನು ತುಂಬಿದ ಥಿಯೇಟರಿನಿಂದಲೂ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತಿತ್ತು.

1939ರ ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಯುದ್ಧ ಆರಂಭವಾದಾಗ ಈ ಊರುಗಳಿಗೆ ಅದರ ಬಿಸಿ ತಟ್ಟಲಿಲ್ಲ. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾದ ಮೇಲೆ ಪರಿಸ್ಥಿತಿ ಬದಲಾಯಿತು. ಈ ದೇಶಕ್ಕೆ ಬರ್ಮಾದಿಂದ ಅಕ್ಕಿ ಬರುತ್ತಿತ್ತು, ಸೀಮೆಎಣ್ಣೆಯೂ ಬರುತ್ತಿತ್ತು, ಎರಡೂ ನಿಂತವು. ರೈಲುಗಳು ಸೈನ್ಯದ ಕೆಲಸಕ್ಕೆ ಹೋದವು. ಕಾಗದ ದುರ್ಲಭವಾಗಿ ಕೈಬಿಲ್ಲೆಗಳನ್ನು ಅಚ್ಚು ಮಾಡಿಸುವುದು ಕಷ್ಟವಾಯಿತು. ಬಟ್ಟೆಯ ಮೇಲೆ ನಿಯಂತ್ರಣ ಬಂದು ಹರಿದ ಪರದೆಗೆ ತೇಪೆ ಹಾಕುವುದೂ ಚಿಂತೆಯ ವಿಷಯವಾಯಿತು. ಚಿಲ್ಲರೆಯ ಅಭಾವ ಎಷ್ಟಾಯಿತೆಂದರೆ, ಬ್ರಿಟಿಷ್ ಸರಕಾರವು ತಾಮ್ರ ಉಳಿಸಲು 1943ರಲ್ಲಿ ನಡುವೆ ತೂತಿರುವ ಕಾಸನ್ನು ಅಚ್ಚು ಹಾಕಿಸಿತು. ನೆರೆಯ ವಿಜಾಪುರ ಜಿಲ್ಲೆಯಲ್ಲಿ 1942–43ರಲ್ಲಿ ಕ್ಷಾಮ ಬಿದ್ದಿತು. ಯುದ್ಧವು ಸಾವಿರಾರು ಮೈಲಿ ದೂರದಲ್ಲಿ ನಡೆಯುತ್ತಿದ್ದರೂ ಶಹಾಪುರದ ಮನೆಗಳ ಚಿಮಣಿಯಲ್ಲಿ ಅದು ಕಾಣಿಸಿಕೊಂಡಿತು.

ಇಂಥ ಸಮಯದಲ್ಲಿ, 1943ರ ಬೇಸಿಗೆಯ ಮೊದಲಿಗೆ, ಸುಗ್ಗಿ ಮುಗಿದ ಮೇಲೆ ಆ ಕಂಪನಿ ಶಹಾಪುರದಲ್ಲಿ ಕ್ಯಾಂಪು ಹಾಕಿತು. ತಟ್ಟಿ ತಗಡುಗಳ ಥಿಯೇಟರು ಎದ್ದಿತು. ಮುಂದೆ ಗಾದಿ, ಅದರ ಹಿಂದೆ ಖುರ್ಚಿ, ಬಾಕು, ಕೊನೆಯಲ್ಲಿ ನೆಲ. ವಿದ್ಯುತ್ತು ಇಲ್ಲದ ಊರು. ರಂಗಕ್ಕೂ ಬಾಗಿಲಿಗೂ ಸೇರಿ ಐದು ಗ್ಯಾಸ್‌ಬತ್ತಿಗಳು. ರಾತ್ರಿ ಹತ್ತಕ್ಕೆ ನಾಂದಿಯಾದರೆ ಆಟ ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಒಂದು ರಾತ್ರಿಗೆ ಏನಿಲ್ಲವೆಂದರೂ ಆರು ಬಾಟಲಿ ಎಣ್ಣೆ ಬೇಕು. ತಂದಿದ್ದ ಎಣ್ಣೆ ಮೊದಲ ವಾರಕ್ಕೇ ತೀರಿತು. ಕಂಪನಿಯ ವ್ಯವಸ್ಥಾಪಕನು ಮಧ್ಯಾಹ್ನದ ಹೊತ್ತಿನಲ್ಲಿ, ಗಿರಾಕಿಗಳಿಲ್ಲದ ಸಮಯ ನೋಡಿ, ಆ ಕಿರಾಣಿ ಅಂಗಡಿಗೆ ಬಂದನು.

"ಸಾವಕಾರ್ರ, ಎರಡು ಡಬ್ಬಿ ಚಿಮಣಿ ಎಣ್ಣಿ ಬೇಕಾಗೇದರಿ. ದರಾ ನೀವು ಹೇಳಿದ್ದು" ಎಂದನು.

ಆ ಮಾತಿನ ಅರ್ಥ ವರ್ತಕರಿಗೆ ತಿಳಿಯದೆ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎಣ್ಣೆಯ ಡಬ್ಬಿಗಳಿದ್ದವು. ಅವು ತಹಸೀಲ ಕಚೇರಿಯ ಪಟ್ಟಿಯಂತೆ ಮನೆಮನೆಗೆ ನಿಗದಿಯ ದರದಲ್ಲಿ ಹಂಚಬೇಕಾದವು. ಬೇರೆ ಊರುಗಳಲ್ಲಿ ಅಂಥ ಡಬ್ಬಿಗಳು ರಾತ್ರಿ ಹಿಂಬಾಗಿಲಿನಿಂದ ನಾಲ್ಕು ಪಟ್ಟು ಬೆಲೆಗೆ ಹೋಗುತ್ತಿರುವ ಸುದ್ದಿ ಪೇಟೆಯಲ್ಲಿ ಎಲ್ಲರಿಗೂ ತಿಳಿದಿತ್ತು. ವರ್ತಕರು ತಲೆ ಎತ್ತದೆಯೇ ಉತ್ತರ ಕೊಟ್ಟರು: "ಒಳಗಿರೂ ಡಬ್ಬಿ ನನ್ನವಲ್ಲರಿ. ಪಟ್ಟಿಯೊಳಗ ಹೆಸರಿದ್ದವರವು. ನನ್ನ ಕಡೆ ಇಟ್ಟಾರ, ಅಷ್ಟ."

ವ್ಯವಸ್ಥಾಪಕನು ಏಳಲಿಲ್ಲ. ಎಣ್ಣೆಯಿಲ್ಲದಿದ್ದರೆ ಆಟವಿಲ್ಲ, ಆಟವಿಲ್ಲದಿದ್ದರೆ ಬೋರ್ಡಿಂಗಿನ ಒಲೆ ಹೊತ್ತುವುದಿಲ್ಲ, ಒಲೆ ಹೊತ್ತದಿದ್ದರೆ ಹುಡುಗರು ಓಡಿಹೋಗುತ್ತಾರೆ, ಹುಡುಗರು ಹೋದರೆ ಕಂಪನಿ ಮುರಿಯುತ್ತದೆ ಎಂದು ಒಂದೊಂದಾಗಿ ಹೇಳಿದನು. ಸುರಪುರದಲ್ಲಿ ಮುಂದಿನ ಕ್ಯಾಂಪಿಗೆ ಮಾತಾಗಿದೆ, ಬಂಡಿಗಳ ಬಾಡಿಗೆಗೆ ಇನ್ನೂ ಹಣ ಕೂಡಿಲ್ಲ ಎಂದನು. ಹೀಗೆ ಹೇಳುವಾಗ ಅವನು ಅಳಲಿಲ್ಲ, ಅಂಗಲಾಚಲೂ ಇಲ್ಲ. ಬಾಕಿಯ ಪಟ್ಟಿ ಓದಿದಂತೆ ಓದಿದನು. ಹುಡುಗನಿಗೆ ನೆನಪಿನಲ್ಲಿ ಉಳಿದದ್ದು ಆ ದನಿ.

ಇಲ್ಲಿ ವಾಚಕರಿಗೆ ಒಂದು ವಿಷಯ ತಿಳಿಸಬೇಕು. ಆ ಮನೆಯಲ್ಲಿ ರಾತ್ರಿಭೋಜನ ತ್ಯಾಗವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಸೂರ್ಯಾಸ್ತಕ್ಕೆ ಮೊದಲೇ ಊಟ, ಪಾತ್ರೆ ತೊಳೆಯುವುದು, ಎಲ್ಲ ಮುಗಿಯುತ್ತಿತ್ತು. ದೀಪಕ್ಕೆ ಬಂದು ಬಿದ್ದು ಸಾಯುವ ಹುಳಗಳ ಹಿಂಸೆಯನ್ನು ತಪ್ಪಿಸಲು ಅಗತ್ಯಕ್ಕಿಂತ ಹೆಚ್ಚು ಹೊತ್ತು ದೀಪವನ್ನೂ ಉರಿಸುತ್ತಿರಲಿಲ್ಲ. ಆದುದರಿಂದ ಒಂಬತ್ತು ಜನರ ಆ ಮನೆಗೆ ಬರುತ್ತಿದ್ದ ಪಾಲಿನ ಎಣ್ಣೆಯಲ್ಲಿ ಬಹುಭಾಗ ಉಳಿಯುತ್ತಿತ್ತು. ಆರೇಳು ತಿಂಗಳಲ್ಲಿ ಒಂದು ಡಬ್ಬಿ ತುಂಬಿತ್ತು. ಅದು ಪಟ್ಟಿಯವರದಲ್ಲ, ಮನೆಯದು. ಅದನ್ನು ಕೊಡಬಹುದೆಂದು ವರ್ತಕರಿಗೆ ತೋರಿತು. ಒಳಗೆ ಹೋಗಿ ಹೆಂಡತಿಗೆ ತಿಳಿಸಿದರು.

ಆಕೆ ಒಪ್ಪಲಿಲ್ಲ. ಆಕೆಯ ಆಕ್ಷೇಪಗಳು ಮೂರು. ಮೊದಲನೆಯದು: "ಹುಳಾ ಸಾಯಬಾರದಂತ ನಾವು ಕತ್ತಲದಾಗ ಕುಂತು ಉಳಿಸಿದ ಎಣ್ಣಿ ಅದು. ಅದನ್ನ ಬೆಳತನಕ ಉರಿಸಾಕ ಕೊಟ್ಟರ ನಮ್ಮ ನೇಮಕ್ಕ ಏನು ಅರ್ಥ ಉಳೀತರಿ?" ಎರಡನೆಯದು: ಓಣಿಯಲ್ಲಿ ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ನಡುರಾತ್ರಿ ಬಾಣಂತನಕ್ಕೆ ಹೋಗುವ ಸೂಲಗಿತ್ತಿಯ ಕೈಯಲ್ಲಿ ಕಂದೀಲು ಆರಿದೆ, ಅವರನ್ನು ಬಿಟ್ಟು ಆಟದವರಿಗೆ ಕೊಡುವುದು ಎಲ್ಲಿಯ ನ್ಯಾಯ? ಮೂರನೆಯದು ತೀಕ್ಷ್ಣವಾಗಿತ್ತು. ಊರಿಗೆಲ್ಲ ಎಣ್ಣೆ ಸಾಲದಿರುವಾಗ ತಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬಿ ನಿಂತಿರುವುದೇ ತಪ್ಪಲ್ಲವೆ, ಬೇಡವಾದ ಪಾಲನ್ನು ಮೊದಲೇ ಬಿಟ್ಟುಕೊಡಬೇಕಿತ್ತಲ್ಲವೆ ಎಂದು ಆಕೆ ಕೇಳಿದಳು. ಈ ಮೂರನೆಯ ಮಾತಿಗೆ ವರ್ತಕರಲ್ಲಿ ಉತ್ತರವಿರಲಿಲ್ಲ.

ಎರಡನೆಯ ಆಕ್ಷೇಪಕ್ಕೆ ಅವರು ಹೇಳಿದ್ದು ಇಷ್ಟು: ಸೂಲಗಿತ್ತಿಗೂ ಹುಡುಗರಿಗೂ ಕೊಡೋಣ, ಅದರಿಂದ ನಲವತ್ತು ಜನರ ಅನ್ನದ ಪ್ರಶ್ನೆ ಇಲ್ಲವಾಗುವುದಿಲ್ಲ. ಅವರ ಪಾಲಿಗೆ ಆ ದೀಪವು ವಿನೋದವಲ್ಲ, ಒಕ್ಕಲಿಗನಿಗೆ ನೇಗಿಲಿದ್ದಂತೆ. ಮೊದಲನೆಯ ಆಕ್ಷೇಪದ ಎದುರು ಮಾತ್ರ ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಕೊನೆಗೆ ಡಬ್ಬಿಯನ್ನು ಇಬ್ಭಾಗ ಮಾಡಿದರು. ಅರ್ಧ ಓಣಿಗೆ, ಅರ್ಧ ಕಂಪನಿಗೆ. ಕಂಪನಿಯವರಿಗೆ ನಿಗದಿಯ ದರವೇ. ಒಂದು ಕಾಸೂ ಹೆಚ್ಚಿಲ್ಲ. ಅದರ ಜೊತೆ ಎರಡು ಕರಾರು. ಆಟ ರಾತ್ರಿ ಒಂದರೊಳಗೆ ಮುಗಿಯಬೇಕು. ಗ್ಯಾಸ್‌ಬತ್ತಿಯ ಕೆಳಗೆ ಹುಳ ಬೀಳಲೆಂದು ನೀರಿನ ತಟ್ಟೆ ಇಡಬಾರದು. ಎರಡನೆಯ ಕರಾರು ತಾಯಿಯದೆಂದು ಮಗ ಹೇಳುತ್ತಿದ್ದರು. ತಂದೆ ಆ ದಿನ ಉಪವಾಸವಿದ್ದರೆಂಬುದನ್ನು ಮನೆಯವರು ಸಂಜೆಯ ಊಟದ ಹೊತ್ತಿಗೆ ಕಂಡರು. ಅವರಾಗಿ ಏನನ್ನೂ ಹೇಳಲಿಲ್ಲ.

ಅರ್ಧ ಡಬ್ಬಿಯ ಎಣ್ಣೆ ಇಡೀ ರಾತ್ರಿಯ ಆಟಕ್ಕಾದರೆ ಎರಡೇ ದಿನಕ್ಕೆ ಸಾಲುತ್ತಿತ್ತು. ಕಂಪನಿಯವರು ಬತ್ತಿಗಳನ್ನು ಐದರಿಂದ ಮೂರಕ್ಕೆ ಇಳಿಸಿ, ಆಟವನ್ನು ಕಿರಿದುಗೊಳಿಸಿ, ಅದರಲ್ಲಿ ಆರು ಆಟ ಆಡಿದರು. ಸಂಗೀತ ನಾಟಕದಲ್ಲಿ ಜನ ಮೆಚ್ಚಿದ ಪದಕ್ಕೆ "ಒನ್ಸ್ ಮೋರ್" ಕೂಗುವುದು ವಾಡಿಕೆ. ಒಂದೇ ಪದವನ್ನು ನಾಲ್ಕೈದು ಸಲ ಹಾಡಿಸುವುದೂ ಉಂಟು. ಪ್ರತಿಯೊಂದು ಒನ್ಸ್ ಮೋರಿಗೂ ಎಣ್ಣೆ ಉರಿಯುತ್ತದೆ. ಆದುದರಿಂದ ಮಾಲಕರು ನಾಂದಿಗೆ ಮುಂಚೆ ಪರದೆಯ ಮುಂದೆ ಬಂದು ಕೈಮುಗಿದು, ದಯವಿಟ್ಟು ಯಾರೂ ಎರಡನೆಯ ಸಲ ಕೇಳಬಾರದೆಂದು ವಿನಂತಿಸಿದರು. ಗಾದಿಯಿಂದ ನೆಲದವರೆಗೆ ಯಾರೂ ಕೇಳಲಿಲ್ಲ. ಹನ್ನೊಂದು ವರ್ಷದ ಆ ಹುಡುಗನಿಗೆ ನಾಟಕದ ಕಥೆ ಮರೆತುಹೋಯಿತು. ಪದ ಮುಗಿದಾಗ ಜನರು ಬಾಯಿ ಕಟ್ಟಿಕೊಂಡು ಕುಳಿತ ಆ ನಿಶ್ಶಬ್ದ ಮಾತ್ರ ಮರೆಯಲಿಲ್ಲ.

ದೇಶ ಕ್ಷಾಮದಲ್ಲಿರುವಾಗ ಬಣ್ಣ ಹಚ್ಚಿ ಕುಣಿಯುವುದು ಯೋಗ್ಯವೇ ಎಂಬ ಪ್ರಶ್ನೆಯನ್ನು ಆಗ ಅನೇಕ ಸಭ್ಯರು ಕೇಳುತ್ತಿದ್ದರು. ಪ್ರಶ್ನೆ ಅಸಾಧುವಲ್ಲ. ಆದರೆ ಅದನ್ನು ಕೇಳುವವರು ಕಂಪನಿಯ ಜಮಾಖರ್ಚನ್ನು ಒಮ್ಮೆ ನೋಡಬೇಕು. ಜವಳಿ ಅಂಗಡಿಯವನು ಎರಡು ತಿಂಗಳು ಬಾಗಿಲು ಮುಚ್ಚಿದರೂ ಅವನ ಮಾಲು ಅಂಗಡಿಯಲ್ಲಿರುತ್ತದೆ. ಬೆಲೆ ಏರುತ್ತಿರುವ ಕಾಲದಲ್ಲಂತೂ ಮುಚ್ಚಿಟ್ಟಷ್ಟೂ ಲಾಭ. ನಾಟಕ ಕಂಪನಿಯ ಮಾಲೆಂದರೆ ಮನುಷ್ಯರು. ಆಡದ ರಾತ್ರಿಯ ಆಟವನ್ನು ಉಗ್ರಾಣದಲ್ಲಿಟ್ಟು ನಾಳೆ ಮಾರಲು ಬರುವುದಿಲ್ಲ. ಆಟವಿರಲಿ ಇಲ್ಲದಿರಲಿ ನಲವತ್ತು ಎಲೆ ಹಾಕಲೇಬೇಕು, ಜಾಗದ ಬಾಡಿಗೆ ತೆರಲೇಬೇಕು. ಜೋಳದ ಬೆಲೆ ಏರಿದಂತೆ ಟಿಕೀಟಿನ ಬೆಲೆ ಏರಿಸಿದರೆ ನೆಲದ ಪ್ರೇಕ್ಷಕನು ಬರುವುದಿಲ್ಲ. ಕಂಪನಿಯನ್ನು ಬದುಕಿಸುವವನು ಅವನೇ. ಹೀಗೆ ಯುದ್ಧದ ಬೆಲೆಯೇರಿಕೆ ದಾಸ್ತಾನುಗಾರನಿಗೆ ಲಾಭ ತಂದರೆ ಕಲಾವಿದನನ್ನು ಎರಡೂ ಕಡೆಯಿಂದ ಹಿಂಡಿತು. ಈ ಭೇದವನ್ನು ತಿಳಿಯದೆ ಇಬ್ಬರಿಗೂ ಒಂದೇ ಉಪದೇಶ ಮಾಡುವುದು ನ್ಯಾಯವಲ್ಲ.

ಇದೇ ಸಂಕಟ ಅದೇ ವರ್ಷಗಳಲ್ಲಿ ಬೇರೆ ದೇಶದ ಕಲಾವಿದರಿಗೂ ಒದಗಿತ್ತು. ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಎಂಬ ಗೀತನಾಟಕ ಶಾಲೆ 1940ರ ಸೆಪ್ಟೆಂಬರಿನಲ್ಲಿ, ಬಾಂಬಿನ ದಾಳಿ ಆರಂಭವಾದೊಡನೆ ಮುಚ್ಚಿತು. ಮನೆ ಕಳೆದುಕೊಂಡವರಿಗೆ ಆ ಕಟ್ಟಡ ಆಶ್ರಯವಾಯಿತು. ದೊಡ್ಡ ಮೇಳವಿದ್ದ ಆ ಸಂಸ್ಥೆ ಕೆಲವೇ ಗಾಯಕರ, ಕೆಲವೇ ವಾದಕರ ಸಣ್ಣ ತಂಡವಾಗಿ, ಗಾಯಕಿ ಜೋನ್ ಕ್ರಾಸ್ ಅವರ ನೇತೃತ್ವದಲ್ಲಿ, ಗಿರಣಿ ಕಾರ್ಖಾನೆಗಳ ಊರುಗಳಲ್ಲಿ ಸಂಚರಿಸಿತು. ಲಂಕಾಷೈರಿನ ಬರ್ನ್ಲಿ ಎಂಬ ನೂಲಿನ ಊರು ಕೆಲಕಾಲ ಅವರ ನೆಲೆಯಾಯಿತು. 1945ರ ಜೂನ್ 7ರಂದು ಅವರು ಸ್ವಸ್ಥಾನಕ್ಕೆ ಹಿಂದಿರುಗಿ ಬೆಂಜಮಿನ್ ಬ್ರಿಟನ್ನರ ಹೊಸ ಗೀತನಾಟಕದೊಂದಿಗೆ ಬಾಗಿಲು ತೆರೆದರು. ಅಲ್ಲಿಗೂ ಇಲ್ಲಿಗೂ ಒಂದು ಮುಖ್ಯ ಅಂತರವಿದೆ. ಬ್ರಿಟನ್ನಿನಲ್ಲಿ 1940ರಲ್ಲಿಯೇ ಸಂಗೀತ ಮತ್ತು ಕಲೆಗಳ ಪ್ರೋತ್ಸಾಹಕ್ಕಾಗಿ ಒಂದು ಮಂಡಳಿ ಸ್ಥಾಪನೆಯಾಗಿ, ಒಂದು ಧರ್ಮಾರ್ಥ ನಿಧಿಯೂ ಸರಕಾರವೂ ಅದಕ್ಕೆ ಹಣ ಕೊಟ್ಟವು. ಅದೇ ಮುಂದೆ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಆಯಿತು. ಶಹಾಪುರಕ್ಕೆ ಬಂದ ಕಂಪನಿಗೆ ಅಂಥ ಯಾವ ಮಂಡಳಿಯೂ ಇರಲಿಲ್ಲ. ಅದಕ್ಕೆ ದೊರೆತದ್ದು ಕಿರಾಣಿ ಅಂಗಡಿಯ ಉದ್ರಿ ಮತ್ತು ಅರ್ಧ ಡಬ್ಬಿ ಎಣ್ಣೆ.

ಹಸಿದವರ ಕಾಲದಲ್ಲಿ ಆಟ ಬೇಕೇ ಎಂಬುದಕ್ಕೆ ಕೆಲವು ಕಲಾವಿದರು ಕೃತಿಯಿಂದಲೇ ಉತ್ತರ ಕೊಟ್ಟಿದ್ದಾರೆ. 1921ರ ಜುಲೈಯಲ್ಲಿ ಬಾಲಗಂಧರ್ವರೂ ಕೇಶವರಾವ್ ಭೋಸಲೆಯವರೂ ತಮ್ಮ ವೃತ್ತಿಯ ಸ್ಪರ್ಧೆಯನ್ನು ಬದಿಗಿಟ್ಟು, ತಿಲಕ್ ಸ್ವರಾಜ್ಯ ನಿಧಿಗಾಗಿ ಮುಂಬಯಿಯಲ್ಲಿ ಒಂದೇ ರಂಗದ ಮೇಲೆ ಮಾನಾಪಮಾನ ನಾಟಕ ಆಡಿದರು. 1943ರ ಬಂಗಾಲದ ಮಹಾಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಅದೇ ವರ್ಷ ಮುಂಬಯಿಯಲ್ಲಿ ಸ್ಥಾಪನೆಯಾದ ಜನನಾಟ್ಯ ಸಂಘದ ಕಲಾವಿದರು ಊರೂರಿಗೆ ಹೋಗಿ ಹಾಡಿ, ಆಡಿ, ಕ್ಷಾಮಪೀಡಿತರಿಗಾಗಿ ಹಣ ಕೂಡಿಸಿದರು.

ಕನ್ನಡ ನಾಡಿನಲ್ಲಿ ಇದಕ್ಕಿಂತ ಹೃದಯಸ್ಪರ್ಶಿಯಾದ ದೃಷ್ಟಾಂತ ಗದಗಿನದು. ಹುಟ್ಟುಕುರುಡರಾದ ಗಾನಯೋಗಿ ಪಂಚಾಕ್ಷರ ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತ ಸಂಗೀತ ಕಲಿಸಿದರು. ಆ ಮಕ್ಕಳ ಅನ್ನಕ್ಕಾಗಿ ನಾಟ್ಯ ಸಂಘವನ್ನೂ ಕಟ್ಟಿದರು. ವಿರಕ್ತರಂತೆ ಬಾಳಿದ ಒಬ್ಬ ಗುರುವು ಬಣ್ಣದ ಕಂಪನಿಯ ಲಾಭನಷ್ಟಗಳನ್ನು ತಲೆಯ ಮೇಲೆ ಹೊತ್ತದ್ದು ವಿನೋದಕ್ಕಲ್ಲ. ಅವರ ಪರಿವಾರಕ್ಕೆ ಗದಗಿನಲ್ಲಿ ಆಶ್ರಯ ಕೊಟ್ಟವರು ಬಸರಿಗಿಡದ ವೀರಪ್ಪನವರೆಂಬ ವರ್ತಕರು. ಯುದ್ಧ ಇನ್ನೂ ಮುಗಿಯದಿರುವಾಗಲೇ, 1944ರಲ್ಲಿ, ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ವೀರೇಶ್ವರ ಪುಣ್ಯಾಶ್ರಮದ ಹೊಣೆ ಮೂವತ್ತು ವರ್ಷದ, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರು ನಾಟಕಗಳನ್ನು ಬರೆದರು, ಆಡಿಸಿದರು, 2010ರಲ್ಲಿ ದೇಹ ಬಿಡುವವರೆಗೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಟಿಕೀಟಿನ ಹಣದಿಂದ ಅಂಧ ಬಾಲಕನೊಬ್ಬನು ಉಂಡು ಹಾಡು ಕಲಿತನೆಂದರೆ ಆ ರಾತ್ರಿ ಉರಿದ ದೀಪವನ್ನು ವ್ಯರ್ಥವೆನ್ನಲು ಯಾರಿಗೆ ಮನಸ್ಸು ಬಂದೀತು?

ಆದರೂ ಶಹಾಪುರದ ಆ ತಾಯಿಯ ಆಕ್ಷೇಪವನ್ನು ಇಷ್ಟರಿಂದ ತಳ್ಳಿಹಾಕಲಾಗದು. ಸತ್ಕಾರ್ಯಕ್ಕೆಂದು ಉರಿಸಿದ ದೀಪದಲ್ಲಿಯೂ ಹುಳ ಸಾಯುತ್ತದೆ. ಗೃಹಸ್ಥನು ಸಂಪೂರ್ಣ ಹಿಂಸಾರಹಿತನಾಗಿ ಬಾಳಲಾರನು; ಅದಕ್ಕೆಂದೇ ಅವನದು ಅಣುವ್ರತ. ಅದನ್ನು ನೆಪ ಮಾಡಿಕೊಂಡು ಎಲ್ಲವನ್ನೂ ಸಮರ್ಥಿಸಿಕೊಳ್ಳುವುದು ಸುಲಭ. ವರ್ತಕರು ಕೊಟ್ಟದ್ದಕ್ಕಾಗಿ ಹೆಮ್ಮೆ ಪಡಲಿಲ್ಲ, ಉಪವಾಸವಿದ್ದರು. ಆಕೆ ಸೋತೆನೆಂದು ಸುಮ್ಮನಾಗಲಿಲ್ಲ, ನೀರಿನ ತಟ್ಟೆ ಬೇಡವೆಂಬ ಕರಾರು ಹಾಕಿಸಿದಳು. ತಟ್ಟೆ ತೆಗೆದದ್ದರಿಂದ ಎಷ್ಟು ಜೀವ ಉಳಿದವೋ ಹೇಳಲಾಗದು. ಕೊಡುವಾಗಲೂ ಹಾನಿಯನ್ನು ಎಷ್ಟು ಕಡಿಮೆ ಮಾಡಬಹುದೆಂದು ಯೋಚಿಸಿದ್ದು ಮಾತ್ರ ನಿಜ. ಮೂರನೆಯ ಆಕ್ಷೇಪಕ್ಕೂ ಫಲ ದೊರೆಯಿತು. ಮುಂದಿನ ತಿಂಗಳಿಂದ ಆ ಮನೆಯವರು ತಮಗೆ ಬೇಕಾದಷ್ಟೇ ಎಣ್ಣೆ ತೆಗೆದುಕೊಂಡು, ಉಳಿದ ಪಾಲನ್ನು ಪಟ್ಟಿಯಲ್ಲಿ ಹೆಸರಿಲ್ಲದ ಬಡವರಿಗೆ ಅದೇ ದರದಲ್ಲಿ ಬಿಟ್ಟುಕೊಟ್ಟರು. ಉಳಿತಾಯಕ್ಕೂ ಸಂಗ್ರಹಕ್ಕೂ ನಡುವಿನ ಗೆರೆಯನ್ನು ಆ ಮನೆಯಲ್ಲಿ ಎಳೆದವಳು ಅಕ್ಷರ ಬಾರದ ಆ ತಾಯಿ.

ಕಂಪನಿ ಆರು ಆಟಗಳ ನಂತರ ಬಂಡಿ ಕಟ್ಟಿಕೊಂಡು ಸುರಪುರದ ದಾರಿ ಹಿಡಿಯಿತು. ಹೋಗುವಾಗ ಎಣ್ಣೆಯ ಹಣ ತೀರಿಸಿದರು. ಜೋಳ, ಬೇಳೆ, ಬೆಲ್ಲದ ಬಾಕಿ ಉಳಿಯಿತು. ಸುರಪುರದ ಗಳಿಕೆಯಿಂದ ಕಳಿಸುವೆವೆಂದು ವ್ಯವಸ್ಥಾಪಕನು ಖಾತೆಯಲ್ಲಿ ಸಹಿ ಹಾಕಿದನು. ಹಣ ಬರಲಿಲ್ಲ. ವರ್ತಕರು ಪ್ರತಿ ದೀಪಾವಳಿಗೆ ಹೊಸ ವಹಿ ಪೂಜೆ ಮಾಡಿದಾಗ ಆ ಬಾಕಿಯನ್ನು ಹೊಸ ಪುಟಕ್ಕೆ ತರುತ್ತಿದ್ದರು. ತಗಾದೆಗೆ ಯಾರನ್ನೂ ಕಳಿಸಲಿಲ್ಲ. 1947ರಲ್ಲಿ ದೇಶ ಸ್ವತಂತ್ರವಾದರೂ ಈ ಸೀಮೆ ಸ್ವತಂತ್ರವಾಗಲಿಲ್ಲ. ರಜಾಕಾರರ ಹಾವಳಿಯ ದಿನಗಳಲ್ಲಿ ಅನೇಕ ಕುಟುಂಬಗಳಂತೆ ಅವರೂ ಗಡಿ ದಾಟಿ ಮುಂಬಯಿ ಪ್ರಾಂತದಲ್ಲಿದ್ದ ನೆಂಟರ ಮನೆ ಸೇರಿದರು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನದ ಸೈನ್ಯ ಶರಣಾಗಿ ಶಾಂತಿ ನೆಲಸಿದ ಮೇಲೆ ಹಿಂದಿರುಗಿ ನೋಡಿದಾಗ ಅಂಗಡಿಯ ವಹಿಗಳು ಇರಲಿಲ್ಲ. ತಂದೆ ನೆನಪಿನಿಂದ ಎಲ್ಲರ ಖಾತೆಗಳನ್ನು ಮತ್ತೆ ಬರೆದರು. ತಾವು ಕೊಡಬೇಕಾದುದನ್ನು ಮೊದಲು ಬರೆದು, ಬರಬೇಕಾದುದನ್ನು ಆಮೇಲೆ ಬರೆದರು. ಕಂಪನಿಯ ಬಾಕಿಯನ್ನೂ ಬರೆದರು. ಅದು ಎಂದೂ ವಸೂಲಾಗಲಿಲ್ಲ, ಹೊಡೆದುಹಾಕಿದ್ದೂ ಇಲ್ಲ.

ಯುದ್ಧಾನಂತರವೂ ಕಂಪನಿಗಳು ಅಳಿಯಲಿಲ್ಲ. ಸ್ತ್ರೀಪಾತ್ರಗಳಿಂದ ಹೆಸರಾದ ಏಣಗಿ ಬಾಳಪ್ಪನವರು 1947ರಲ್ಲಿ ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿದರು. ಅವರು 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಅನೇಕ ಕಂಪನಿಗಳು ಒಟ್ಟಿಗೆ ಕ್ಯಾಂಪು ಹಾಕುತ್ತವೆ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿದಾಗ, ಪರರ ಊರಿನಲ್ಲಿ ತಗಡಿನ ಥಿಯೇಟರುಗಳ ನಡುವೆ ಸಿಕ್ಕಿಬಿದ್ದ ಕಲಾವಿದರ ಅವಸ್ಥೆ 1943ರದೇ ಆಗಿತ್ತು. ಆಗಲೂ ಕೆಲವೆಡೆ ಊರಿನ ಅಂಗಡಿಗಳವರು ಅಕ್ಕಿ, ಬೇಳೆ ಕೊಟ್ಟು ನಡೆಸಿದರು.

ಮಹೋತ್ಸವಗಳಲ್ಲಿ ಸಂಗೀತ, ನಾಟಕಗಳನ್ನು ಏರ್ಪಡಿಸುವ ಬಸದಿಗಳ ಟ್ರಸ್ಟುಗಳವರು ಈ ಪ್ರಸಂಗದಿಂದ ಗ್ರಹಿಸಬಹುದಾದ ಒಂದೆರಡು ವಿಚಾರಗಳುಂಟು. ಕಲಾವಿದರಿಗೆ ಹಾರ, ಶಾಲುಗಳಿಗಿಂತ ಮೊದಲು ಆಡಿದ ರಾತ್ರಿಯೇ ಸಲ್ಲಬೇಕಾದ ಹಣವನ್ನು ಸಲ್ಲಿಸಬೇಕು. ಕಷ್ಟಕಾಲ ಬಂದಾಗ ಟ್ರಸ್ಟಿನ ಉಗ್ರಾಣದಲ್ಲಿ ತುಂಬಿ ನಿಂತಿರುವುದು ಯಾರ ಪಾಲಿನದೆಂದು ಕೇಳಿಕೊಳ್ಳಬೇಕು. ಕೊಡುವ ನಿರ್ಧಾರ ಮಾಡುವಾಗ ಒಪ್ಪದವರ ಮಾತನ್ನೂ ಕೇಳಿ, ಅದರಲ್ಲಿ ಸತ್ಯವಿದ್ದಷ್ಟನ್ನು ಕರಾರಿನಲ್ಲಿ ಸೇರಿಸಿಕೊಳ್ಳಬೇಕು. ಶಹಾಪುರದ ಆ ದಂಪತಿಗಳು ಕೊನೆಯವರೆಗೂ ಒಂದೇ ಅಭಿಪ್ರಾಯಕ್ಕೆ ಬರಲಿಲ್ಲ. ಮಗನು ಮುಪ್ಪಿನಲ್ಲಿ ಈ ಕಥೆ ಹೇಳಿ ಮುಗಿಸಿದಾಗ ಮೊಮ್ಮಕ್ಕಳು, ಅಜ್ಜ ಮಾಡಿದ್ದು ಸರಿಯೋ ಅಜ್ಜಿ ಹೇಳಿದ್ದು ಸರಿಯೋ ಎಂದು ಕೇಳುತ್ತಿದ್ದರು. ಅವರು ಪ್ರತಿ ಸಲವೂ, ಆ ಸೂಲಗಿತ್ತಿಯ ಕಂದೀಲು ಆ ವಾರ ಹೊತ್ತಿತ್ತು, ಕಂಪನಿಯ ಒಲೆಯೂ ಹೊತ್ತಿತ್ತು ಎಂದಷ್ಟೇ ಹೇಳಿ, ಸೂರ್ಯ ಮುಳುಗುವ ಮುಂಚೆ ಊಟಕ್ಕೆ ಏಳುತ್ತಿದ್ದರು.